ಮುರಿದ ಕಾಲಿನ ದೂರದ ಹಾದಿ

ಒಂದು ನಾಡಿನ ವೈದ್ಯವ್ಯವಸ್ಥೆಯ ಯೋಗ್ಯತೆಯನ್ನು ಅದರ ರಾಜಧಾನಿಯ ಆಸ್ಪತ್ರೆಗಳ ಅಂತಸ್ತುಗಳನ್ನು ಎಣಿಸಿ ನಿರ್ಣಯಿಸುವುದು ಈಗ ರೂಢಿಯಾಗಿದೆ. ಹೃದಯವನ್ನೇ ಬದಲಿಸಿ ಕೊಡಬಲ್ಲ ಶಸ್ತ್ರವೈದ್ಯರು ನಮ್ಮಲ್ಲಿದ್ದಾರೆ. ಪರದೇಶಗಳ ರೋಗಿಗಳು ಚಿಕಿತ್ಸೆಗಾಗಿ ವಿಮಾನವೇರಿ ಬೆಂಗಳೂರಿಗೆ ಬರುತ್ತಿದ್ದಾರೆ. ಇದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಅಳತೆಗೋಲು ಬೇರೆಯಾದುದು. ಹಳ್ಳಿಯ ಬಡವರೊಬ್ಬರು ಸಂಜೆಯ ಹೊತ್ತು ಜಾರಿಬಿದ್ದು ಕಾಲಿನ ಸಣ್ಣ ಮೂಳೆಯೊಂದನ್ನು ಮುರಿದುಕೊಂಡರೆ ಅವರಿಗೆ ಸರಿಯಾದ ಚಿಕಿತ್ಸೆಯು ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದಲ್ಲಿ, ಎಷ್ಟು ವೆಚ್ಚದಲ್ಲಿ ದೊರೆಯುತ್ತದೆ? ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರವನ್ನು ಕೊಡಲಾರದ ವ್ಯವಸ್ಥೆಯು ಬೇರೆ ಎಷ್ಟು ದೊಡ್ಡ ಕಾರ್ಯಗಳನ್ನು ಸಾಧಿಸಿದ್ದರೂ ಅರ್ಧ ಕಟ್ಟಿ ಬಿಟ್ಟ ಮನೆಯೇ ಸರಿ.

ನಮಗೆ ಪರಿಚಿತಳಾದ ಒಬ್ಬ ಹೆಂಗಸಿನ ವೃತ್ತಾಂತವನ್ನು ಇಲ್ಲಿ ಹೇಳುವುದು ಅವಶ್ಯವಾಗಿದೆ. ಮಲೆನಾಡಿನ ಒಂದು ತಾಲೂಕಿನಲ್ಲಿ ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಿರುವವಳು ಆಕೆ. ಶ್ರಾವಣದ ಮಳೆಯಲ್ಲಿ ನಟ್ಟಿಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಹಳ್ಳದ ಮೇಲಿನ ಕಾಲುಸಂಕದಲ್ಲಿ ಜಾರಿದಳು. ಪಾದದ ಕೀಲು ತಿರುಚಿತು. ಕುಂಟುತ್ತ ಹೇಗೋ ಮನೆ ಸೇರಿದಳು. ನಡೆದು ಬಂದವಳಾದುದರಿಂದ ಮೂಳೆ ಮುರಿದಿರಲಾರದೆಂದು ನೆರೆಹೊರೆಯವರು ತೀರ್ಮಾನಿಸಿದರು. ಉಳುಕೆಂದು ಬಗೆದು ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದರು. ಬೆಳಗಾಗುವಷ್ಟರಲ್ಲಿ ಕಾಲು ಕುಂಬಳಕಾಯಿಯಂತೆ ಬಾತಿತ್ತು.

ಮರುದಿನ ಆಟೋರಿಕ್ಷಾ ಮಾಡಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ವೈದ್ಯರು ಸಭೆಗೆಂದು ಹೊರಗೆ ಹೋಗಿದ್ದರು. ನೋವಿಗೆ ಒಂದು ಸೂಜಿ ಕೊಟ್ಟು, ತಾಲೂಕಿನ ಆಸ್ಪತ್ರೆಗೆ ಹೋಗೆಂದು ಚೀಟಿ ಬರೆದುಕೊಟ್ಟರು. ಆಕೆ ತಾಲೂಕು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಎಕ್ಸ್-ರೇ ಯಂತ್ರವಿದ್ದ ಕೋಣೆಗೆ ಬೀಗ ಬಿದ್ದಿತ್ತು; ಅದನ್ನು ನಡೆಸುವವರು ಒಬ್ಬರೇ, ಅವರು ರಜೆಯ ಮೇಲಿದ್ದರು. ಹೊರಗಿನ ಖಾಸಗಿ ಅಂಗಡಿಯಲ್ಲಿ ಚಿತ್ರ ತೆಗೆಸಿಕೊಂಡು ಬಂದರೆ ಅದನ್ನು ನೋಡತಕ್ಕ ಮೂಳೆಯ ವೈದ್ಯರು ವಾರಕ್ಕೆ ಎರಡೇ ದಿನ ಬರುವವರೆಂದು ತಿಳಿಯಿತು. “ನಾಡಿದ್ದು ಬಾರಮ್ಮ” ಎಂದರು. ಕೊನೆಗೆ ಮೂರನೆಯ ದಿನ ಜೀಪು ಬಾಡಿಗೆಗೆ ಹಿಡಿದು ಇನ್ನೊಂದು ಪಟ್ಟಣಕ್ಕೆ ಹೋದಳು. ಅಲ್ಲಿ ಪ್ಲಾಸ್ಟರು ಹಾಕಿದರು. ಹಾಕಲು ಹಿಡಿದದ್ದು ಇಪ್ಪತ್ತು ನಿಮಿಷ. ಮೂಳೆಯನ್ನು ಕೂಡಿಸಲು ಇಪ್ಪತ್ತು ನಿಮಿಷ, ವೈದ್ಯರನ್ನು ಕೂಡಲು ಮೂರು ದಿನ! ಚಿಕಿತ್ಸೆಗೆ ಕೊಟ್ಟ ಹಣದ ಮೂರರಷ್ಟನ್ನು ಆಕೆ ಬಾಡಿಗೆಗೆ ತೆತ್ತಿದ್ದಳು.

ಇದರಲ್ಲಿ ಯಾರೊಬ್ಬರ ದುಷ್ಟತನವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೂಜಿ ಕೊಟ್ಟ ದಾದಿ ತನ್ನಿಂದಾದುದನ್ನು ಮಾಡಿದಳು. ರಜೆಯಲ್ಲಿದ್ದ ಕೆಲಸಗಾರನಿಗೂ ಮನೆಮಠಗಳುಂಟು. ವಾರಕ್ಕೆರಡು ದಿನ ಬರುವ ವೈದ್ಯರು ಉಳಿದ ದಿನಗಳಲ್ಲಿ ಬೇರೆಡೆ ದುಡಿಯುತ್ತಿರುವವರೇ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರೂ ಕಾಲು ಮುರಿದವಳು ಮೂರು ದಿನ ಅಲೆಯಬೇಕಾಯಿತು. ಆದುದರಿಂದ ದೋಷವು ಏರ್ಪಾಡಿನಲ್ಲಿದೆ, ವ್ಯಕ್ತಿಗಳಲ್ಲಿ ಅಲ್ಲ. ಏರ್ಪಾಡನ್ನು ತಿದ್ದತಕ್ಕವರು ಸರಕಾರದವರು. ತಿದ್ದುವಂತೆ ಒತ್ತಾಯಿಸತಕ್ಕವರು ಪ್ರಜೆಗಳಾದ ನಾವು.

108ಕ್ಕೆ ಕರೆ ಮಾಡಬಾರದಿತ್ತೇ ಎಂದು ಕೆಲವರು ಕೇಳಬಹುದು. ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ ಆ ವಾಹನವ್ಯವಸ್ಥೆಯು ಎಷ್ಟೋ ಪ್ರಾಣಗಳನ್ನು ಉಳಿಸಿದೆ. ಆದರೆ ಕಾಲುಸಂಕವನ್ನು ದಾಟಿ ಯಾವ ವಾಹನವೂ ಬರಲಾರದು. ಬಂದರೂ ಆಸ್ಪತ್ರೆಯವರೆಗೆ ಒಯ್ಯಬಲ್ಲುದೇ ಹೊರತು ಬೀಗ ಬಿದ್ದ ಕೋಣೆಯನ್ನು ತೆರೆಯಲಾರದು. ಸಾಗಿಸುವ ಸೌಕರ್ಯವು ಎಷ್ಟೇ ಬೆಳೆಯಲಿ, ಸಾಗಿಸಿದ ಜಾಗದಲ್ಲಿ ಚಿಕಿತ್ಸೆಯಿಲ್ಲದಿದ್ದರೆ ಪ್ರಯೋಜನವೇನು?

ಈಗ ಆ ಮುರಿತದ ಸ್ವರೂಪವನ್ನು ನೋಡೋಣ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ. ಒಳಮಗ್ಗುಲಿನದು ದಪ್ಪ, ಹೊರಮಗ್ಗುಲಿನದು ತೆಳ್ಳಗೆ. ದೇಹದ ಭಾರದ ಬಹುಪಾಲನ್ನು ಹೊರುವುದು ದಪ್ಪ ಮೂಳೆ. ತೆಳ್ಳನೆಯದು ಕೆಳಗಿಳಿದು ಪಾದದ ಕೀಲಿಗೆ ಹೊರಗಿನಿಂದ ಆಸರೆಯಾಗುತ್ತದೆ. ಪಾದ ತಿರುಚಿದಾಗ ಸಾಮಾನ್ಯವಾಗಿ ಬಿರುಕು ಬಿಡುವುದು ಈ ತೆಳ್ಳನೆಯ ಮೂಳೆಯ ಕೆಳತುದಿಯೇ. ಭಾರವನ್ನು ಬೇರೆ ಮೂಳೆ ಹೊರುತ್ತಿರುವುದರಿಂದ ಎಷ್ಟೋ ಜನ ಮುರಿದ ಕಾಲಿನಲ್ಲಿಯೇ ಕುಂಟುತ್ತ ನಡೆಯಬಲ್ಲರು. ನಡೆಯಲಾದರೆ ಮುರಿದಿಲ್ಲವೆಂಬ ನಂಬಿಕೆಯು ಆದಕಾರಣ ತಪ್ಪು; ಬಾತ ಕಾಲನ್ನು ಎಣ್ಣೆ ಹಾಕಿ ತಿಕ್ಕುವುದು ಇನ್ನೂ ದೊಡ್ಡ ತಪ್ಪು. ತಿಕ್ಕುವುದರಿಂದ ಬಾವು ಹೆಚ್ಚುತ್ತದೆ. ನೆಟ್ಟಗೆ ನಿಂತಿದ್ದ ಮುರಿತವು ಸರಿದುಹೋಗುವ ಭಯವೂ ಉಂಟು.

ಸರಿಯದೆ ನಿಂತ ಇಂಥ ಮುರಿತಕ್ಕೆ ಶಸ್ತ್ರಕ್ರಿಯೆ ಬೇಕಾಗಿಲ್ಲ. ಪ್ರಕೃತಿಯೇ ಅದನ್ನು ಬೆಸೆಯುತ್ತದೆ. ಮುರಿದ ಕಡೆ ಮೊದಲು ರಕ್ತ ಹೆಪ್ಪುಗಟ್ಟಿ, ಎರಡು ಮೂರು ವಾರಗಳಲ್ಲಿ ಮೆತ್ತನೆಯ ಬೆಸುಗೆ ಮೂಡಿ, ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಅದು ಗಟ್ಟಿಯಾಗುತ್ತದೆ. ವೈದ್ಯನ ಕೆಲಸವೆಂದರೆ ಅಷ್ಟು ಕಾಲ ಆ ಮೂಳೆ ಅಲುಗದಂತೆ ಕಾಯುವುದು. ಹಾಲೆಂಡಿನ ಸೇನಾವೈದ್ಯ ಮಥೈಸೆನ್ ಪ್ಲಾಸ್ಟರಿನ ಪಟ್ಟಿಯ ವಿಧಾನವನ್ನು ಪ್ರಕಟಿಸಿದ್ದು 1852ರಲ್ಲಿ. ಜರ್ಮನಿಯ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ಗಟ್ಟಿಯಾಗಿ ನಿಂತಿರುವ ಸಣ್ಣ ಬಿರುಕಿಗೆ ಪೂರ್ಣ ಪ್ಲಾಸ್ಟರೂ ಬೇಡ, ತೆಗೆದು ಹಾಕಬಹುದಾದ ಗಟ್ಟಿ ಬೂಟು ಸಾಕೆಂದು ಇಂದಿನ ವೈದ್ಯರು ಹೇಳುತ್ತಾರೆ. ಎಂದ ಮೇಲೆ ಆ ಹೆಂಗಸಿಗೆ ದೊರೆಯದೆ ಹೋದದ್ದು ಈ ಶತಮಾನದ ಯಾವುದೋ ದುರ್ಲಭವಾದ ವಿದ್ಯೆಯಲ್ಲ. ನಮ್ಮ ಮುತ್ತಜ್ಜಂದಿರ ಕಾಲಕ್ಕೇ ಲೋಕಕ್ಕೆ ತಿಳಿದಿದ್ದ ಎರಡು ಸಾಮಾನ್ಯ ಉಪಕರಣಗಳು ಮಾತ್ರ.

ಯಂತ್ರವಿಲ್ಲದಿದ್ದರೂ ಬಲ್ಲ ಕೈಗಳು ಬಹಳ ಕೆಲಸ ಮಾಡಬಲ್ಲವು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸರಳವಾದ ನಿಯಮವನ್ನು ಪ್ರಚಾರಕ್ಕೆ ತಂದರು. ಪಾದದ ಕೀಲಿನ ಎರಡು ಮಗ್ಗುಲುಗಳಲ್ಲಿ ಉಬ್ಬಿರುವ ಮೂಳೆಗಳ ಹಿಂಬದಿಯನ್ನೂ ತುದಿಯನ್ನೂ ಬೆರಳಿನಿಂದ ಒತ್ತಿ ನೋಡಬೇಕು. ರೋಗಿಯು ಬಿದ್ದ ಕೂಡಲೆ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ನಡೆಯಬಲ್ಲನೇ ಎಂದು ವಿಚಾರಿಸಬೇಕು. ಮೂಳೆಯ ಮೇಲೆಯೇ ಒತ್ತಿದಾಗ ನೋವಾದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್-ರೇ ಬೇಕು. ಎರಡೂ ಇಲ್ಲದಿದ್ದರೆ ಮುರಿತವಿರುವ ಸಂಭವ ಬಹು ಕಡಿಮೆ. ಪಾದದ ನಡುಭಾಗಕ್ಕೂ ಇಂಥದೇ ನಿಯಮವುಂಟು. ಇದನ್ನು ಕಲಿಯಲು ಅರ್ಧ ದಿನ ಸಾಕು. ನಮ್ಮ ಆರೋಗ್ಯ ಕೇಂದ್ರಗಳ ಪ್ರತಿಯೊಬ್ಬ ವೈದ್ಯರೂ ದಾದಿಯರೂ ಇದನ್ನು ಬಲ್ಲವರಾದರೆ ಅನಾವಶ್ಯಕವಾಗಿ ತಾಲೂಕಿಗೆ ಅಲೆಯುವವರ ಸಂಖ್ಯೆ ತಗ್ಗುವುದು. ಅವಶ್ಯವಾಗಿ ಹೋಗಬೇಕಾದವರು ಮೊದಲ ದಿನವೇ ಹೋಗುವರು.

ಪ್ರಜೆಗಳ ಸಮೀಪಕ್ಕೆ ವೈದ್ಯಸಹಾಯವು ಬರಬೇಕೆಂಬುದು ಹೊಸ ಮಾತಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯು, ಹಣ ಕೊಡುವ ಶಕ್ತಿಯಿಲ್ಲವೆಂಬ ಕಾರಣದಿಂದ ಯಾರೊಬ್ಬರೂ ತಕ್ಕ ಚಿಕಿತ್ಸೆಯಿಂದ ವಂಚಿತರಾಗಕೂಡದೆಂಬ ತತ್ತ್ವವನ್ನು ಮುಂದಿಟ್ಟಿತ್ತು. ಆ ವರದಿ ಬಂದಾಗ ದೇಶವು ಇನ್ನೂ ಪರಾಧೀನವಾಗಿತ್ತು. ಸ್ವಾತಂತ್ರ್ಯ ಬಂದ ತರುವಾಯ 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆಯೆತ್ತಿದವು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರವಿರಬೇಕೆಂಬುದು ಕೇಂದ್ರ ಸರಕಾರದ ಲೆಕ್ಕ. ಅದರ ಮೇಲೆ ಬಯಲಿನಲ್ಲಿ 1,20,000, ಗುಡ್ಡಗಾಡಿನಲ್ಲಿ 80,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಲೆಕ್ಕ ಚೆನ್ನಾಗಿದೆ. ಆದರೆ ಆ ಸಮುದಾಯ ಕೇಂದ್ರದಲ್ಲಿ ಅವಶ್ಯವಾಗಿ ಇರತಕ್ಕವರೆಂದು ಹೇಳಿರುವ ತಜ್ಞರು ಶಸ್ತ್ರವೈದ್ಯ, ದೇಹವೈದ್ಯ, ಹೆರಿಗೆಯ ವೈದ್ಯ, ಮಕ್ಕಳ ವೈದ್ಯ, ಅರಿವಳಿಕೆಯ ವೈದ್ಯ ಎಂಬ ಐವರು. ಮೂಳೆಯ ವೈದ್ಯನ ಹೆಸರು ಅವರಲ್ಲಿಲ್ಲ. ಬಿದ್ದವರಿಗೆ ಎದ್ದು ನಿಲ್ಲುವ ಸಹಾಯವು ಅವಶ್ಯಕತೆಗಳ ಪಟ್ಟಿಯಿಂದಲೇ ಹೊರಗುಳಿದಿದೆ. ಹೊಲದಲ್ಲಿ, ತೋಟದಲ್ಲಿ, ಕಟ್ಟಡದ ಅಟ್ಟಣೆಯ ಮೇಲೆ ದುಡಿಯುವವರೇ ಬಹುಸಂಖ್ಯಾತರಾಗಿರುವ ನಾಡಿನಲ್ಲಿ ಇದು ವಿಚಿತ್ರವೇ ಸರಿ.

ಸರಕಾರದ ಕೈ ಮುಟ್ಟದ ಕಡೆಗೆ ನಾಟಿ ವೈದ್ಯನ ಕೈ ಮುಟ್ಟುತ್ತದೆ. ಮೂಳೆ ಕಟ್ಟುವವರು ನಮ್ಮ ನಾಡಿನ ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿಯ ಬಳಿಯದು, ಈ ವಿದ್ಯೆಗೆ ಎಷ್ಟು ಹೆಸರಾಯಿತೆಂದರೆ ‘ಪುತ್ತೂರು ಕಟ್ಟು’ ಎಂಬ ಹಲಗೆ ಬೆಂಗಳೂರಿನ ಬೀದಿಗಳಲ್ಲಿಯೂ ಕಾಣುತ್ತದೆ. ವಿದ್ಯಾವಂತರು ಇವರನ್ನು ಕಂಡು ನಗುವುದುಂಟು. ನಗುವುದಕ್ಕೆ ಮುಂಚೆ ಜನರು ಅವರಲ್ಲಿಗೆ ಏಕೆ ಹೋಗುತ್ತಾರೆಂಬುದನ್ನು ವಿಚಾರಿಸಬೇಕು. ಅವರು ಹತ್ತಿರದಲ್ಲಿದ್ದಾರೆ, ಯಾವ ಹೊತ್ತಿಗೆ ಹೋದರೂ ಬಾಗಿಲು ತೆರೆಯುತ್ತಾರೆ, ರೋಗಿಯ ಭಾಷೆಯಲ್ಲಿ ಮಾತನಾಡುತ್ತಾರೆ, ಕಾಲನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಇವುಗಳಲ್ಲಿ ಒಂದಾದರೂ ಅಜ್ಞಾನದ ಲಕ್ಷಣವೇ? ಸರಕಾರಿ ಆಸ್ಪತ್ರೆಯು ಈ ನಾಲ್ಕನ್ನೂ ಮಾಡುವ ದಿನ ಬಂದರೆ ಅವರ ಮನೆಯ ಮುಂದಿನ ಸಾಲು ತಾನಾಗಿಯೇ ಕರಗುವುದು.

ಹಾಗೆಂದು ಅಪಾಯವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ಬಿದಿರಿನ ದಬ್ಬೆಗಳನ್ನಿಟ್ಟು ಅತಿ ಬಿಗಿಯಾಗಿ ಕಟ್ಟಿದ ಕಟ್ಟಿನ ಕೆಳಗೆ ಬಾವು ಏರಿದಂತೆಲ್ಲ ರಕ್ತದ ಹರಿವು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಮಾಂಸ ಸಾಯತೊಡಗುತ್ತದೆ. ಹೀಗೆ ಸಣ್ಣ ಮುರಿತಕ್ಕೆಂದು ಕಟ್ಟಿಸಿಕೊಂಡ ಕಟ್ಟಿನಿಂದ ಕಾಲನ್ನೇ ಕಳೆದುಕೊಂಡವರ ಪ್ರಸಂಗಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಇದು ನಮ್ಮ ಪೂರ್ವಿಕರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂರನೆಯ ಅಧ್ಯಾಯವು ಮುರಿದ ಮೂಳೆಗಳಿಗೇ ಮೀಸಲಾಗಿದೆ. ಹಿಪ್ಪೆ, ಅತ್ತಿ, ಅರಳಿ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿ ಬಳಸಬೇಕೆಂದು ಅಲ್ಲಿ ವಿಧಿಸಿದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಉಂಟಾಗುವುವೆಂದು ಎಚ್ಚರಿಸಿದೆ. ಚಳಿಗಾಲದಲ್ಲಿ ಏಳು ದಿನಕ್ಕೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೆ, ಬಿಸಿಲುಗಾಲದಲ್ಲಿ ಮೂರು ದಿನಕ್ಕೆ ಕಟ್ಟನ್ನು ಬಿಚ್ಚಿ ನೋಡಬೇಕೆಂದೂ ಹೇಳಿದೆ. ಪ್ರಾಚೀನರ ಹೆಸರು ಹೇಳಿ ಬದುಕುವವರು ಪ್ರಾಚೀನರ ಎಚ್ಚರಿಕೆಯನ್ನು ಮರೆಯಕೂಡದು.

ಈ ಎಚ್ಚರಿಕೆಯು ಆಸ್ಪತ್ರೆಯ ಪ್ಲಾಸ್ಟರಿಗೂ ಸಮವಾಗಿ ಅನ್ವಯಿಸುತ್ತದೆ. ಪ್ಲಾಸ್ಟರು ಹಾಕಿದ ಮೇಲೆ ನೋವು ತಗ್ಗುವ ಬದಲು ಏರುತ್ತ ಹೋದರೆ, ಬೆರಳುಗಳು ಮರಗಟ್ಟಿದರೆ, ನೀಲಿ ಅಥವಾ ಬಿಳಿಚಾದರೆ, ತಣ್ಣಗಾದರೆ, ಅಲ್ಲಾಡಿಸಲು ಬಾರದಿದ್ದರೆ, ಬೆಳಗಾಗಲೆಂದು ಕಾಯದೆ ಆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಮೀನಖಂಡದಲ್ಲಿ ನೋವೂ ಬಾವೂ ಕಾಣಿಸಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುವ ಶಂಕೆಯುಂಟು, ಅದಂತೂ ಪ್ರಾಣಾಪಾಯ. ನಾವು ಹೇಳಿದ ಹೆಂಗಸಿಗೆ ಇವುಗಳಲ್ಲಿ ಒಂದನ್ನೂ ಯಾರೂ ಹೇಳಿರಲಿಲ್ಲ. ಆಕೆಯ ಕೈಗೆ ಕೊಟ್ಟ ಕಾಗದವು ಇಂಗ್ಲಿಷಿನಲ್ಲಿತ್ತು. ಅದನ್ನು ಓದಿಸಲು ಆಕೆ ಶಾಲೆಯ ಮಾಸ್ತರರ ಮನೆಗೆ ಹೋಗಬೇಕಾಯಿತು. ವೈದ್ಯರ ಅಕ್ಷರವನ್ನು ಓದುವುದು ಮಾಸ್ತರರಿಗೂ ಸಾಧ್ಯವಾಗಲಿಲ್ಲ. ಕನ್ನಡ ನಾಡಿನ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ರೋಗಿಗೆ ತನ್ನ ಕಾಲಿನ ಸ್ಥಿತಿಯು ಕನ್ನಡದಲ್ಲಿ ತಿಳಿಯದಿರುವುದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ, ಕಾಲು ಉಳಿಯುವ ಪ್ರಶ್ನೆ. ಹತ್ತು ಸಾಲುಗಳ ಒಂದು ಕನ್ನಡ ಚೀಟಿಯನ್ನು ಅಚ್ಚು ಹಾಕಿಸಿ ಪ್ರತಿಯೊಂದು ಪ್ಲಾಸ್ಟರಿನೊಡನೆ ಕೊಡುವುದಕ್ಕೆ ಎಷ್ಟು ವೆಚ್ಚವಾದೀತು?

ಇನ್ನು ಹೊಟ್ಟೆಯ ಪ್ರಶ್ನೆ. ಆರು ವಾರಗಳ ವಿಶ್ರಾಂತಿಯೆಂದು ವೈದ್ಯರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ತಿಂಗಳ ಸಂಬಳದವರಿಗೆ ಅದು ರಜೆ. ದಿನಗೂಲಿಯವರಿಗೆ ಅದು ಉಪವಾಸ. 1948ರ ಕಾಯಿದೆಯಿಂದ ಹುಟ್ಟಿದ ಕಾರ್ಮಿಕರ ರಾಜ್ಯವಿಮೆಯಲ್ಲಿ ಸೇರಿದ ಕಾರ್ಖಾನೆಯ ಕೆಲಸಗಾರನಿಗೆ ಕೆಲಸದಲ್ಲಿ ಪೆಟ್ಟಾದರೆ ಗುಣವಾಗುವವರೆಗೆ ಕೂಲಿಯ ಶೇಕಡ 90ರಷ್ಟು ದೊರೆಯುವ ಏರ್ಪಾಡಿದೆ. ಇದು ನ್ಯಾಯವಾದುದು. ಆದರೆ ಇನ್ನೊಬ್ಬರ ಗದ್ದೆಯಲ್ಲಿ ನಟ್ಟಿ ಮಾಡಿ ಮರಳುವಾಗ ಬಿದ್ದವಳಿಗೆ ಆ ವಿಮೆಯ ಬಾಗಿಲು ತೆರೆದಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ - ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಅನೇಕ ಕುಟುಂಬಗಳನ್ನು ಸಾಲದಿಂದ ಕಾಪಾಡಿತು. ಆದರೆ ಇಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗಾಗಿ ರಚಿತವಾದವು. ಪ್ಲಾಸ್ಟರು ಹಾಕಿಸಿಕೊಂಡು ಅಂದೇ ಮನೆಗೆ ಮರಳುವವಳ ಬಾಡಿಗೆಯಾಗಲಿ ತಪ್ಪಿದ ಕೂಲಿಯಾಗಲಿ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ರೋಗ ಬಂದರೆ ಸಹಾಯ, ಸಣ್ಣ ಪೆಟ್ಟಾದರೆ ನಿನ್ನ ದಾರಿ ನಿನಗೆ ಎಂದಂತಾಯಿತು. ಇದರ ಪರಿಣಾಮವೇನೆಂದರೆ, ಕೂಲಿಗೆ ಹೋಗಲೇಬೇಕಾದವರು ನಾಲ್ಕನೆಯ ವಾರವೇ ತಾವೇ ಪ್ಲಾಸ್ಟರನ್ನು ನೀರಿನಲ್ಲಿ ನೆನೆಸಿ ಕಿತ್ತು ಕೆಲಸಕ್ಕೆ ಇಳಿಯುತ್ತಾರೆ. ಕೂಡದ ಮೂಳೆಯ ಮೇಲೆ ಭಾರ ಬೀಳುತ್ತದೆ. ಸಣ್ಣ ಮುರಿತವು ಹೀಗೆ ಜೀವಮಾನದ ಕುಂಟಾಗುತ್ತದೆ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಹಣವೆಲ್ಲಿದೆಯೆಂಬುದು ಮೊದಲನೆಯದು. ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಯಂತ್ರವನ್ನು ಈಗಾಗಲೇ ಕೊಂಡು ಇರಿಸಿದೆ. ಬೇಕಾಗಿರುವುದು ಅದನ್ನು ರಾತ್ರಿಯೂ ನಡೆಸಲು ಇನ್ನಿಬ್ಬರು ಕೆಲಸಗಾರರು. ಹಣ ಕೊಟ್ಟು ಕೊಂಡ ಯಂತ್ರಕ್ಕೆ ಬೀಗ ಹಾಕಿಡುವುದೇ ನಿಜವಾದ ದುಂದುವೆಚ್ಚ. ತಜ್ಞರು ಹಳ್ಳಿಗೆ ಬರುವುದಿಲ್ಲವೆಂಬುದು ಎರಡನೆಯದು. ಬರುವುದಿಲ್ಲ ನಿಜ. ಆದರೆ ಎಕ್ಸ್-ರೇ ಚಿತ್ರವು ಈಗ ನಿಮಿಷಾರ್ಧದಲ್ಲಿ ತಂತಿಯಿಲ್ಲದೆ ಜಿಲ್ಲೆಯನ್ನು ಮುಟ್ಟಬಲ್ಲದು. ರೋಗಿಯು ತಾಲೂಕಿನಲ್ಲಿಯೇ ಕುಳಿತಿರಲಿ, ಚಿತ್ರ ಮಾತ್ರ ಪ್ರಯಾಣ ಮಾಡಲಿ. ಜಿಲ್ಲೆಯ ತಜ್ಞರು ನೋಡಿ ಹೇಳಿದಂತೆ ತಾಲೂಕಿನ ವೈದ್ಯರು ಪ್ಲಾಸ್ಟರು ಹಾಕಲಿ. 2024ರ ಡಿಸೆಂಬರಿನಲ್ಲಿ ಆರಂಭವಾದ ಕ್ಷಯನಿವಾರಣೆಯ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯಬಹುದಾದ ಎಕ್ಸ್-ರೇ ಯಂತ್ರಗಳು ಹಳ್ಳಿಗಳಿಗೆ ಹೋದುವು. ಎದೆಯನ್ನು ನೋಡಲು ಊರಿಗೆ ಬರಬಲ್ಲ ಯಂತ್ರವು ಕಾಲನ್ನು ನೋಡಲು ಏಕೆ ಬರಬಾರದು?

ಆದುದರಿಂದ ನಮ್ಮ ಸೂಚನೆಗಳು ಹೀಗಿವೆ. ಒಂದನೆಯದಾಗಿ, ಪ್ರತಿಯೊಂದು ತಾಲೂಕು ಆಸ್ಪತ್ರೆಯಲ್ಲಿಯೂ ಹಗಲಿರುಳು ಎಕ್ಸ್-ರೇ ದೊರೆಯತಕ್ಕದ್ದು. ನಡೆಸುವವರು ರಜೆಯಲ್ಲಿದ್ದರೆಂಬ ಉತ್ತರವು ಯಾವ ರೋಗಿಯ ಕಿವಿಗೂ ಬೀಳಕೂಡದು. ಎರಡನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಬ್ಬೆ, ಪ್ಲಾಸ್ಟರಿನ ಪಟ್ಟಿ, ಊರೆಗೋಲು ಇವು ಸದಾ ಸಿದ್ಧವಿರಬೇಕು. ಬಾವು ಇಳಿಯುವವರೆಗೆ ಹಾಕುವ ಅರ್ಧ ಪ್ಲಾಸ್ಟರನ್ನು ಅಲ್ಲಿನ ವೈದ್ಯರು ಹಾಕಬಲ್ಲವರಾಗಬೇಕು. ಮೂರನೆಯದಾಗಿ, ಮೂಳೆ ಕಟ್ಟುವ ನಾಟಿ ವೈದ್ಯರನ್ನು ಕರೆಸಿ ಕಟ್ಟಿನ ಬಿಗಿಯ ಅಪಾಯವನ್ನು ತಿಳಿಸಬೇಕು. ಚರ್ಮ ಹರಿದು ಮೂಳೆ ಹೊರಬಂದ ಪೆಟ್ಟನ್ನೂ ಕೀಲು ಸರಿದ ಪೆಟ್ಟನ್ನೂ ಅವರು ಮುಟ್ಟದೆ ಆಸ್ಪತ್ರೆಗೆ ಕಳುಹಿಸುವಂತೆ ಕಟ್ಟಳೆ ಮಾಡಬೇಕು. ಕಳುಹಿಸಿದವರನ್ನು ಆಸ್ಪತ್ರೆಯವರು ಗೌರವದಿಂದ ಕಾಣಬೇಕು. ನಾಲ್ಕನೆಯದಾಗಿ, ಎಚ್ಚರಿಕೆಗಳನ್ನೂ, ಮತ್ತೆ ಬರಬೇಕಾದ ದಿನವನ್ನೂ, ಪ್ಲಾಸ್ಟರು ತೆಗೆದ ಮೇಲೆ ಮಾಡಬೇಕಾದ ಕಾಲಿನ ವ್ಯಾಯಾಮವನ್ನೂ ತಿಳಿಸುವ ಕನ್ನಡ ಚೀಟಿ ಪ್ರತಿಯೊಬ್ಬರ ಕೈ ಸೇರಬೇಕು. ಐದನೆಯದಾಗಿ, ಪೆಟ್ಟಾಗಿ ಕೆಲಸ ಬಿಡಬೇಕಾದ ದಿನಗೂಲಿಯವರಿಗೆ ವೈದ್ಯರ ದಾಖಲೆಯ ಮೇಲೆ ಆರು ವಾರಗಳ ಗ್ರಾಸಕ್ಕಾಗುವಷ್ಟು ಸಹಾಯಧನ ದೊರೆಯಬೇಕು. ಇವುಗಳಲ್ಲಿ ಮೊದಲನೆಯ ನಾಲ್ಕು ಇಚ್ಛೆಯಿದ್ದರೆ ಈ ವರ್ಷವೇ ಆಗತಕ್ಕವು. ಐದನೆಯದಕ್ಕೆ ಹಣ ಬೇಕು. ಆದರೆ ಅದಿಲ್ಲದೆ ಉಳಿದ ನಾಲ್ಕರ ಫಲವೂ ಅರ್ಧ ಸೋರಿಹೋಗುವುದು.

ಸರಕಾರವು ಕಣ್ದೆರೆಯುವವರೆಗೆ ನಮ್ಮ ವಾಚಕರು ಮಾಡಬಹುದಾದುದೂ ಉಂಟು. ನಿಮ್ಮೆದುರು ಯಾರಾದರೂ ಬಿದ್ದರೆ ಅವರನ್ನು ಎಳೆದು ನಿಲ್ಲಿಸಬೇಡಿರಿ, ತಿಕ್ಕಬೇಡಿರಿ. ಪೆಟ್ಟಾದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ ಒಂದು ಆಸರೆಯನ್ನಿಟ್ಟು ಮೇಲುವಸ್ತ್ರದಿಂದ ಹಗುರವಾಗಿ ಕಟ್ಟಿರಿ. ಬೆರಳ ತುದಿಗಳು ಕಾಣುವಂತಿರಲಿ. ದಬ್ಬೆ ಸಿಗದಿದ್ದರೆ ಕೊಡೆಯಾದೀತು. ಕೊಡೆಯೂ ಇಲ್ಲದಿದ್ದರೆ ನಿನ್ನೆಯ ವೃತ್ತಪತ್ರಿಕೆಯನ್ನು ದಪ್ಪವಾಗಿ ಮಡಿಸಿದರೂ ಆದೀತು. ನಮ್ಮ ಬರಹವು ಅಧಿಕಾರಿಗಳ ಮೇಲೆ ಪರಿಣಾಮ ಮಾಡಲಿ, ಬಿಡಲಿ, ಈ ಪತ್ರಿಕೆಯಿಂದ ಅಷ್ಟು ಉಪಕಾರವಾದರೂ ಆದರೆ ನಮಗೆ ಸಂತೋಷವೇ. ಕಾಲನ್ನು ಎತ್ತರದಲ್ಲಿಡಿ, ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪಟ್ಟಿಯಿಡಿ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಬೀಡಿ ಸಿಗರೇಟು ಸೇದುವವರು ಮೂಳೆ ಕೂಡುವವರೆಗಾದರೂ ಅದನ್ನು ಬಿಡಲಿ. ಹೊಗೆಯು ಮೂಳೆಯ ಬೆಸುಗೆಯನ್ನು ನಿಧಾನ ಮಾಡುತ್ತದೆ.

ಆ ಹೆಂಗಸಿನ ಮೂಳೆ ಕೂಡಿದೆ. ಆದರೆ ಪ್ಲಾಸ್ಟರು ಬಿಚ್ಚಿದ ತರುವಾಯ ಕೀಲನ್ನು ಹೇಗೆ ಪಳಗಿಸಬೇಕೆಂದು ಹೇಳುವವರಿಲ್ಲದೆ ಪಾದವು ಬಿಗಿದುಕೊಂಡಿತು. ಸಮನೆಲದಲ್ಲಿ ಚೆನ್ನಾಗಿ ನಡೆಯುತ್ತಾಳೆ; ಇಳಿಜಾರಿನಲ್ಲಿ ಮಾತ್ರ ಒಂದು ಕೈ ಬೇಲಿಯ ಮೇಲಿರುತ್ತದೆ. ಮಲೆನಾಡಿನಲ್ಲಿ ಸಮನೆಲವೆಷ್ಟಿದೆ? ಕಳೆದ ವಾರ ನಾವು ಕಂಡಾಗ ಆಕೆ ಅದೇ ಸಂಕದ ಮೇಲೆ ಹುಲ್ಲಿನ ಹೊರೆ ಹೊತ್ತು ಮೆಲ್ಲಗೆ ಹೆಜ್ಜೆಯಿಡುತ್ತಿದ್ದಳು. ಸಂಕಕ್ಕೆ ಒಂದು ಹಿಡಿಗಂಬಿಯನ್ನು ಕೂಡ ಇನ್ನೂ ಯಾರೂ ಹಾಕಿಲ್ಲ. ಮುಂದಿನ ಮಳೆಗಾಲದೊಳಗಾಗಿ ಸಂಬಂಧಪಟ್ಟವರು ಆ ಗಂಬಿಯನ್ನೂ ಹಾಕಿಸಲಿ, ಆ ಕೋಣೆಯ ಬೀಗವನ್ನೂ ತೆಗೆಸಲಿ ಎಂದು ನಾವು ಒತ್ತಾಯಪೂರ್ವಕವಾಗಿ ಕೇಳುತ್ತೇವೆ.